ಬಲಕ್ಕ

ಕಟಪಾಡಿ
೨೪-೭-೧೯೮೧

ಇವರಿಗೆ,

ಇಲ್ಲಿ ಅಮ್ಮ ಕ್ಷೇಮ, ದನ ಕ್ಷೇಮ, ನನ್ನ ಸಿಟ್ಟೂ ಕ್ಷೇಮ. ನಿಮ್ಮ ಕ್ಷೇಮದ ವಿಷಯ ಪಕ್ಕದ ಕೋಣೆಯ ಮುಕ್ತಾ ಬರೆದ ಕಾರ್ಡಿನಿಂದ ತಿಳಿಯಿತು. ನೀವಾಗಿ ಬರೆದದ್ದಲ್ಲ.

ಮುಕ್ತಾ ಬರೆಯುತ್ತಾಳೆ: "ನಳಿನಾಕ್ಷಿ, ಹೇಳಬಾರದು, ಆದರೂ ಹೇಳುತ್ತೇನೆ. ನಿಮ್ಮವರು ಸಂಜೆ ಫ್ಯಾಕ್ಟರಿಯಿಂದ ಬಂದವರೇ ಕಿಟಕಿ ಬಾಗಿಲು ಮುಚ್ಚಿಕೊಳ್ಳುತ್ತಾರೆ. ಒಳಗಿನಿಂದ ಗೆಜ್ಜೆ ಸದ್ದು ಬರುತ್ತದೆ. ಮೊನ್ನೆ ನನ್ನ ಲಟ್ಟಣಿಗೆ ಕೇಳಿ ತೆಗೆದುಕೊಂಡು ಹೋದರು. ಚಪಾತಿ ಯಾರಿಗೆ? ನೀನು ಬೇಗ ಬಂದರೆ ಒಳ್ಳೆಯದು."

ಅಮ್ಮನಿಗೆ ಕನ್ನಡಕ ಸಿಗಲಿಲ್ಲ. ಹಾಗಾಗಿ ಈ ಕಾರ್ಡನ್ನು ಪೋಸ್ಟ್‌ಮನ್ ಬೂಬನ ಕೈಯಲ್ಲೇ ಓದಿಸಿದರು. ಬೂಬ ಅಂಗಳದಲ್ಲಿ ಸೈಕಲ್ ಹಿಡಿದುಕೊಂಡು, ಗೆಜ್ಜೆ ಎಂಬಲ್ಲಿ ಒಂದು ಸಲ ನಿಲ್ಲಿಸಿ ನನ್ನ ಮುಖ ನೋಡಿ, ಪೂರ್ತಿ ಓದಿದ. ಈಗ ಅದು ಕಟಪಾಡಿ ಪೇಟೆಯವರೆಗೆ ಮುಟ್ಟಿರಬಹುದು.

ಗೆಜ್ಜೆ ಯಾರದು? ಹದಿನಾಲ್ಕು ವರ್ಷದ ಸಂಸಾರದಲ್ಲಿ ನಿಮ್ಮ ಮೇಲೆ ನನಗೆ ನೂರೆಂಟು ದೂರು ಇವೆ. ಇನ್ನೊಬ್ಬ ಹೆಂಗಸಿನ ದೂರು ಅದರಲ್ಲಿ ಇರಲಿಲ್ಲ. ಇನ್ನೊಬ್ಬಳನ್ನು ಮಾತಾಡಿಸಬೇಕಾದರೆ ಮನುಷ್ಯನಿಗೆ ಮೊದಲು ಬಾಯಿ ಬೇಕಲ್ಲ? ಅದಕ್ಕೇ ನನಗೆ ಹೆದರಿಕೆಗಿಂತ ಆಶ್ಚರ್ಯ ಹೆಚ್ಚಾಗಿದೆ.

ಅಮ್ಮನ ಮುರಿದ ಕಾಲು ನೋಡಿಕೊಳ್ಳಲು ಬಂದವಳು ನಾನು. ಆ ಕಾಲು ಕೂಡಿಕೊಂಡು ತಿಂಗಳಾಯಿತು. ಈಗ ಅವರೇ ಬಾವಿಕಟ್ಟೆಗೆ ಹೋಗುತ್ತಾರೆ. ನಾನು ಇನ್ನೂ ಇಲ್ಲೇ ಏಕೆ ಇದ್ದೇನೆ ಎಂದು ನಿಮಗೆ ಗೊತ್ತು. ಆ ಮಾತು ನೀವೇ ಎತ್ತಬೇಕು.

ಲಟ್ಟಣಿಗೆ ಮುಕ್ತಾಳಿಗೆ ವಾಪಸು ಕೊಡಿ.

ನಳಿನಾಕ್ಷಿ


ಡೊಂಬಿವಲಿ ಪೂರ್ವ
೩೧-೭-೧೯೮೧

ಸೌ. ನಳಿನಾಕ್ಷಿಗೆ,

ನಿನ್ನ ೨೪ನೇ ತಾರೀಕಿನ ಪತ್ರ ತಲುಪಿ ವಿಷಯ ತಿಳಿಯಿತು.

ಗೆಜ್ಜೆ ಶಂಕ್ರೆಪ್ಪನದು. ಶಂಕ್ರೆಪ್ಪ ಎಂದರೆ ನಮ್ಮ ಅಂಬರನಾಥದ ಫ್ಯಾಕ್ಟರಿಯಲ್ಲಿ ಲೋಡಿಂಗ್ ಕೆಲಸದವನು, ಬಿಜಾಪುರದ ಕಡೆಯವನು. ದಿನವೂ ನನ್ನ ಟೈಮ್ ಆಫೀಸಿನ ಕಿಟಕಿಯಲ್ಲಿ ಕಾರ್ಡು ಒತ್ತಿಸಿ, "ನಮಸ್ಕಾರ್ರೀ ಸಾಹೇಬ್ರ" ಎಂದು ಹೋಗುವವನು. ಊರಿನಲ್ಲಿ ಅವನು ಕೋಲಾಟದ ಮೇಳ ಕಟ್ಟಿದವನಂತೆ. ನಮ್ಮ ಕನ್ನಡ ಬಳಗದವರು ರಾಜ್ಯೋತ್ಸವಕ್ಕೆ ಕೋಲಾಟ ಮಾಡಿಸಬೇಕೆಂದು, ಅವನನ್ನು ಒಪ್ಪಿಸಿ ಕರೆತರುವ ಕೆಲಸ ನನಗೆ ಹೇಳಿದರು. ಕರೆತಂದೆ. ಶಾಲೆಯ ಅಂಗಳದಲ್ಲಿ ಎಲ್ಲರನ್ನೂ ನಿಲ್ಲಿಸಿ ಎಣಿಸಿದ ಶಂಕ್ರೆಪ್ಪ, "ಹದಿನಾರ ಮಂದಿ ಬೇಕ್ರಿ, ಹದಿನೈದ ಅದಾರ. ಸಾಹೇಬ್ರ, ನೀವ ಹದಿನಾರನೇದವ್ರು ಆಗ್ರಿ" ಎಂದ. ಎಲ್ಲರೂ ನನ್ನ ಕಡೆ ತಿರುಗಿದರು. ಆಗುವುದಿಲ್ಲ ಎನ್ನಲು ನಾಚಿಕೆಯಾಯಿತು. ಹಾಗಾಗಿ ಸೇರಿದೆ.

ಕೋಲುಗಳು ಇನ್ನೂ ಬಂದಿಲ್ಲ. ಉಲ್ಹಾಸನಗರದಲ್ಲಿ ಕುರ್ಚಿಯ ಕಾಲು ಕಡೆಯುವವನಿಗೆ ಹೇಳಿದ್ದೇವೆ. ಅಲ್ಲಿಯವರೆಗೆ ಸಂಜೆ ಮನೆಯಲ್ಲಿ ಶಂಕ್ರೆಪ್ಪ ಕೊಟ್ಟ ಗೆಜ್ಜೆ ಕಟ್ಟಿಕೊಂಡು ಲಟ್ಟಣಿಗೆಯಲ್ಲಿ ಅಭ್ಯಾಸ. ನಮ್ಮದು ಒಂದೇ ಇದ್ದುದರಿಂದ ಮುಕ್ತಾಳದನ್ನು ತಂದೆ. ಏಕೆಂದು ಅವಳು ಕೇಳಿದಾಗ ಚಪಾತಿಗೆ ಎಂದೆ. ಕೋಲಾಟಕ್ಕೆ ಎಂದು ಒಬ್ಬ ಹೆಂಗಸಿಗೆ ಹೇಳುವುದು ಹೇಗೆ? ನನಗೆ ಈಗ ನಲವತ್ತಮೂರು.

ನಲ್ಲಿ ನೀರು ಬೆಳಿಗ್ಗೆ ಐದೂವರೆಗೆ ಬರುತ್ತಿದೆ. ಮಳೆ ಜಾಸ್ತಿ. ಅತ್ತೆಯವರ ಕಾಲು ವಾಸಿಯಾದದ್ದು ಸಂತೋಷ.

ಇತಿ,
ಬಿ. ವಸಂತಕುಮಾರ


ಕಟಪಾಡಿ
೮-೮-೧೯೮೧

ಬಿ. ವಸಂತಕುಮಾರ ಅವರಿಗೆ,

ಹೆಂಡತಿಗೆ ಬರೆಯುವಾಗ ಇನಿಷಿಯಲ್ ಹಾಕುವ ಗಂಡ ಇಡೀ ಜಿಲ್ಲೆಯಲ್ಲಿ ನೀವೊಬ್ಬರೇ ಇರಬೇಕು. ಮನೆಯಲ್ಲಿ ತುಳುವಿನಲ್ಲಿ ನಾಲ್ಕು ಮಾತಾದರೂ ಆಡುತ್ತಿದ್ದಿರಿ. ಕಾಗದ ಎಂದರೆ ಕನ್ನಡ, ಕನ್ನಡ ಎಂದರೆ ನಿಮಗೆ ಆಫೀಸಿನ ನೋಟೀಸು. "ತಲುಪಿ ವಿಷಯ ತಿಳಿಯಿತು." ಯಾವ ವಿಷಯ ತಿಳಿಯಿತು ಮಾರಾಯರೇ?

ನೀವು ಕುಣಿಯುವುದನ್ನು ನಾನು ನಂಬುವುದಿಲ್ಲ. ನಮ್ಮ ಮದುವೆಯಲ್ಲಿ ಹಾರ ಹಾಕಲು ಹೇಳಿದಾಗ ನೀವು ಅದನ್ನು ಭಟ್ಟರ ಕೈಗೆ ಕೊಟ್ಟವರು. ಹೋಟೆಲಿನಲ್ಲಿ ಮಸಾಲೆದೋಸೆ ಕೇಳಿ ಉದ್ದಿನವಡೆ ಬಂದರೆ ಸುಮ್ಮನೆ ತಿಂದು ಬರುವವರು. ಯಾರದೋ ಕಣ್ಣಿಗೆ ಬೀಳುತ್ತೇನೆಂದು ಹೆದರಿ ಕೊಡೆಯನ್ನು ಅರ್ಧ ಬಿಡಿಸಿ ನೆನೆಯುವವರು. ಇಂಥವರು ಕಾಲಿಗೆ ಗೆಜ್ಜೆ ಕಟ್ಟಿದರೆ ಗೆಜ್ಜೆಗೇ ನಾಚಿಕೆಯಾಗುತ್ತದೆ.

ಇದೆಲ್ಲ ನಾನು ನಕ್ಕುಕೊಂಡೇ ಸಹಿಸಿದ್ದೆ. ಮೇ ತಿಂಗಳ ಆ ದಿನವನ್ನು ಸಹಿಸಲು ಆಗುವುದಿಲ್ಲ. ನೀವು ಎತ್ತುವುದಿಲ್ಲ ಎಂದು ಗೊತ್ತಾಯಿತು, ನಾನೇ ಬರೆಯುತ್ತೇನೆ.

ಠಾಣೆಯಲ್ಲಿ ನಿಮ್ಮ ಅಣ್ಣ ಕಿಟ್ಟಣ್ಣನ ಹೊಸ ಮನೆಯ ಪ್ರವೇಶ. ಆರತಿಯ ಹರಿವಾಣ ನನ್ನ ಕೈಗೆ ಕೊಟ್ಟದ್ದು ಭಟ್ಟರು. ನಾನು ಎರಡು ಹೆಜ್ಜೆ ಇಡುವಷ್ಟರಲ್ಲಿ ನಿಮ್ಮ ಅತ್ತಿಗೆ ಗುಲಾಬಿಯಕ್ಕ ಬಂದು, ಅಷ್ಟು ಜನರ ಎದುರು, "ಇದನ್ನು ಮಕ್ಕಳಾದವರು ಹಿಡಿಯಲಿ" ಎಂದು ಹರಿವಾಣ ಕಿತ್ತುಕೊಂಡರು. ನನ್ನ ಕೈ ಹಾಗೆಯೇ ಚಾಚಿಕೊಂಡು ಉಳಿಯಿತು. ನೀವು ಒಂದು ಮೊಳ ದೂರದಲ್ಲಿದ್ದಿರಿ. ನೀವು ಗೋಡೆಯ ಕ್ಯಾಲೆಂಡರ್ ಓದುತ್ತಿದ್ದಿರಿ. ನನಗೆ ಅತ್ತಿಗೆಯ ಮೇಲೆ ಬಂದ ಸಿಟ್ಟು ಅಂದೇ ಮುಗಿಯಿತು. ಕ್ಯಾಲೆಂಡರಿನದ್ದು ಮುಗಿದಿಲ್ಲ.

ವಾಪಸು ಬರುವಾಗಲಾದರೂ ಏನಾದರೂ ಹೇಳುತ್ತೀರಿ ಎಂದು ಲೋಕಲಿನಲ್ಲಿ ಕಾದೆ. ಡೊಂಬಿವಲಿಯಲ್ಲಿ ನಾನು ಹೇಗೋ ಇಳಿದೆ. ಬಾಗಿಲಲ್ಲಿ ನಿಂತವನಿಗೆ "ಸರಿದುಕೊಳ್ಳಿ" ಎನ್ನಲು ಆಗದೆ ನೀವು ಕಲ್ಯಾಣಕ್ಕೆ ಹೋದಿರಿ. ಮುಕ್ಕಾಲು ಗಂಟೆ ಪ್ಲಾಟ್‌ಫಾರ್ಮಿನಲ್ಲಿ ಒಬ್ಬಳೇ ನಿಂತೆ. ಊರಿಗೆ ಹೋಗಬೇಕೆಂದು ಅಲ್ಲೇ ನಿಶ್ಚಯ ಮಾಡಿದ್ದು. ಅಮ್ಮನ ಕಾಲು ಆಮೇಲೆ ಮುರಿದದ್ದು.

ನನಗೆ ಬೇಕಾದದ್ದು ಎರಡು ಮಾತು. ಅಂದು ಆದದ್ದು ತಪ್ಪು ಎನ್ನುವುದೊಂದು. ಬಾ ಎನ್ನುವುದೊಂದು. ಅದು ಬರುವವರೆಗೆ ನಾನು ಇಲ್ಲಿರುತ್ತೇನೆ.

ನಳಿನಾಕ್ಷಿ


ಡೊಂಬಿವಲಿ ಪೂರ್ವ
೨೩-೮-೧೯೮೧

ಸೌ. ನಳಿನಾಕ್ಷಿಗೆ,

ನಿನ್ನ ಪತ್ರವನ್ನು ಕೆಲವು ಸಲ ಓದಿದೆ. ನೀನು ಬರೆದ ವಿಷಯ ಗಮನದಲ್ಲಿದೆ.

ಕೋಲಾಟದಲ್ಲಿ ಒಂದು ತೊಂದರೆ ಬಂದಿತು. ಅದನ್ನು ಬರೆಯುತ್ತೇನೆ. ಫ್ಯಾಕ್ಟರಿ ಗೇಟಿನ ಸಾಹೇಬ ನಾನು ಶಾಲೆಯ ಅಂಗಳದಲ್ಲಿ ಸಾಹೇಬನಲ್ಲ. ಅಲ್ಲಿ ಶಂಕ್ರೆಪ್ಪ ಗುರು, ನಾನು "ಏ ಟೈಮ್ ಆಫೀಸಾ." ಭಾನುವಾರ ಬೆಳಿಗ್ಗೆ ಎಂಟಕ್ಕೆ ಅವನು ನಡುವೆ ದಿಮ್ಮು ಎಂಬ ಚರ್ಮವಾದ್ಯ ಹಿಡಿದು ನಿಲ್ಲುತ್ತಾನೆ. ನಾವು ಹದಿನಾರು ಮಂದಿ ಸುತ್ತ. ಎಲ್ಲರೂ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ, ಪಕ್ಕದವನ ಕೋಲಿಗೆ ಕೋಲು ಕೊಡಬೇಕು. ಅವನು "ಬಲಾ! ಬಲಾ!" ಎಂದು ಕೂಗಿದ. ಹದಿನೈದು ಮಂದಿ ಬಲಗಡೆಗೆ ಹೋದರು. ನಾನು ನೇರವಾಗಿ ಅವನ ಹತ್ತಿರ ಹೋದೆ.

"ಏ, ಬಲಾ ಅಂದ್ರ ನನ್ನ ಮೈಮ್ಯಾಲ ಯಾಕ ಬರ್ತೀಯೋ?" ಎಂದ. ಮತ್ತೆ "ಬಲಾ!" ಎಂದ. ಮತ್ತೆ ಹೋದೆ. ಮೂರನೇ ಸಲ ದಿಮ್ಮಿಗೆ ಹಣೆ ತಾಗಿತು.

ಶಾಲೆಯಲ್ಲಿ ಕಲಿತ ಕನ್ನಡ ನನಗೆ ಗೊತ್ತಿದೆ. ಆದರೆ ಕಾಲಲ್ಲಿ ಗೆಜ್ಜೆ, ಸುತ್ತ ಅಷ್ಟು ಜನ ಇರುವಾಗ ಕಿವಿಗೆ ಮನೆಮಾತೇ ಮೊದಲು ಕೇಳುತ್ತದೆ. ಕೊನೆಗೆ ಅವನಿಗೆ ವಿವರಿಸಬೇಕಾಯಿತು: ನಮ್ಮ ತುಳುವಿನಲ್ಲಿ ಬಲ ಎಂದರೆ ಬಾ ಎಂದು ಅರ್ಥ. ನೀನು ಬಾ ಬಾ ಎಂದು ಕರೆದೆ, ನಾನು ಬಂದೆ. ಎಲ್ಲರೂ ನೆಲದ ಮೇಲೆ ಕೂತು ನಕ್ಕರು. ಎಡಕ್ಕೆ ಏಕೆ ತಿರುಗುವುದಿಲ್ಲ ಎಂದು ಕೇಳಿದ. "ಎಡ" ಎಂದು ಅವನು ಕೂಗಿದಾಗ ನನಗೆ "ಎಡ್ಡೆ" ಎಂದು, ಅಂದರೆ ಒಳ್ಳೆಯದು ಎಂದು ಕೇಳುತ್ತಿತ್ತು. ನಾನು ಮಾಡುತ್ತಿರುವುದು ಸರಿ ಇದೆ ಎಂದು ಅಲ್ಲೇ ನಿಲ್ಲುತ್ತಿದ್ದೆ.

"ಆತು, ಹಂಗಾರ ನಿನಗ ಬಿಡಿಸಿ ಹೇಳ್ತೀನಿ" ಎಂದು ಅವನು "ಬಲಕ್ಕ" ಎಂದು ಅವರ ಊರಿನ ಹಾಗೆ ನಿಧಾನವಾಗಿ ಕೂಗಿದ. ಅದು ಇನ್ನೂ ಕಷ್ಟವಾಯಿತು. ನನಗೆ ಅದು "ಬಲ, ಅಕ್ಕ" ಎಂದು ಕೇಳಿಸಿತು. ಯಾವ ಅಕ್ಕನನ್ನು ಕರೆಯುತ್ತಿದ್ದಾನೆ ಎಂದು ಹಿಂದೆ ತಿರುಗಿ ಅವಳಿಗೆ ದಾರಿ ಬಿಟ್ಟೆ. ಪಕ್ಕದವನ ಕೋಲು ನನ್ನ ಗೆಣ್ಣಿಗೆ ಬಿತ್ತು.

ಬೆರಳು ಊದಿದೆ, ಅಕ್ಷರ ಸ್ವಲ್ಪ ವಕ್ರ ಇರಬಹುದು. ಮುಕ್ತಾಳ ಲಟ್ಟಣಿಗೆ ವಾಪಸು ಕೊಟ್ಟೆ.

ಇತಿ,
ವಸಂತಕುಮಾರ


ಕಟಪಾಡಿ
೩೦-೮-೧೯೮೧

ಇವರಿಗೆ,

"ಗಮನದಲ್ಲಿದೆ." ಈ ಶಬ್ದ ಓದಿ ನಿಮ್ಮ ಕಾಗದವನ್ನು ಒಲೆಯವರೆಗೆ ತೆಗೆದುಕೊಂಡು ಹೋದೆ. ಅಮ್ಮ ಕೋಲಾಟದ ಭಾಗ ಇನ್ನೊಮ್ಮೆ ಓದು ಎಂದು ಹಟ ಹಿಡಿದದ್ದರಿಂದ ಅದು ಉಳಿಯಿತು. ಅಕ್ಕನಿಗೆ ದಾರಿ ಬಿಟ್ಟದ್ದು ಕೇಳಿ ಅಮ್ಮ ನಕ್ಕ ನಗುವಿಗೆ ಕಟ್ಟುಹಲ್ಲು ಮಡಿಲಿಗೆ ಬಿತ್ತು. ನಾನೂ ನಕ್ಕೆ. ನಕ್ಕದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಒಂದು ಮಾತು ಕೇಳುತ್ತೇನೆ. ಬಿಜಾಪುರದ ಲೋಡಿಂಗಿನವನು ಬಾ ಎನ್ನದೆ ಇದ್ದರೂ ನಿಮಗೆ ಬಾ ಎಂದು ಕೇಳುತ್ತದೆ. ನಾನು ಮೂರು ತಿಂಗಳಿಂದ ಅದೇ ಶಬ್ದಕ್ಕೆ ಕಾಯುತ್ತಿದ್ದೇನೆ, ಅದು ನಿಮ್ಮ ಬಾಯಲ್ಲಿ ಬರುವುದಿಲ್ಲ. ಕಿವಿ ಸರಿ ಇದೆ ಎಂದಾಯಿತು. ಹಾಗಾದರೆ ಕೆಟ್ಟಿರುವುದು ಏನು?

ಊದಿದ ಬೆರಳಿಗೆ ಅರಸಿನ ಬಿಸಿ ಮಾಡಿ ಹಾಕಿ. ಇದನ್ನೂ ನಾನೇ ಹೇಳಬೇಕು.

ನಳಿನಾಕ್ಷಿ


ಡೊಂಬಿವಲಿ ಪೂರ್ವ
೪-೧೦-೧೯೮೧

ನಳಿನಾಕ್ಷಿಗೆ,

ಒಂದು ತಿಂಗಳು ಬರೆಯಲಿಲ್ಲ. ಬರೆಯಲು ಕೂತದ್ದು ಆರು ಸಲ.

ಚೌತಿಯ ಮರುದಿನ ಠಾಣೆಗೆ ಕಿಟ್ಟಣ್ಣನ ಮನೆಗೆ ಹೋಗಿದ್ದೆ. ಹರಿವಾಣದ ಮಾತು ಎತ್ತಬೇಕೆಂದೇ ಹೋದದ್ದು. ಅತ್ತಿಗೆ ಪಾಯಸ ಬಡಿಸಿದರು. ಎರಡನೇ ಸಲ ಬಡಿಸಲು ಬಂದಾಗ ಬಾಯಿ ತೆರೆದೆ. ಅವರು ಇನ್ನಷ್ಟು ಪಾಯಸ ಬೇಕೆಂದು ತಿಳಿದು ಹಾಕಿದರು. ತಿಂದು ಬಂದೆ.

ಆದರೆ ವಾಪಸು ಬರುವಾಗ ಗಾಡಿಯಲ್ಲಿ ಭಯಂಕರ ಗರ್ದಿ. ಡೊಂಬಿವಲಿ ಬಂತು. ಬಾಗಿಲಲ್ಲಿ ಇಬ್ಬರು ಕಲ್ಯಾಣದವರು ಕಂಬದ ಹಾಗೆ ನಿಂತಿದ್ದರು. ಪಾಯಸದ ಮೇಲಿನ ಸಿಟ್ಟೋ ಏನೋ, "ಅರೇ ಸರಕೋ, ಉತರನಾ ಹೈ!" ಎಂದು ಕೂಗಿದೆ. ಇಬ್ಬರೂ ಸರಿದರು. ಅಷ್ಟು ಸುಲಭ ಎಂದು ನನಗೆ ಗೊತ್ತಿರಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ನಿಂತು, ಅಂದು ನೀನು ಎಲ್ಲಿ ನಿಂತಿದ್ದೆ ಎಂದು ನೋಡಿದೆ. ಗಡಿಯಾರದ ಕೆಳಗೆ ಇರಬೇಕು. ಅಲ್ಲಿ ಸ್ವಲ್ಪ ಹೊತ್ತು ನಿಂತೆ.

ಇನ್ನೊಂದು ಸುದ್ದಿ. ರಾಜ್ಯೋತ್ಸವಕ್ಕೆ ಮುಖ್ಯ ಅತಿಥಿ ಕಿಟ್ಟಣ್ಣ. ಅತ್ತಿಗೆಯೂ ಎದುರಿನ ಸಾಲಿನಲ್ಲಿ ಕೂರುತ್ತಾರೆ. ಅವರ ಎದುರು ನಾನು ರುಮಾಲು ಕಟ್ಟಿ, ಕಚ್ಚೆ ಹಾಕಿ, ಕೆಂಪು ವಸ್ತ್ರ ಸೊಂಟಕ್ಕೆ ಬಿಗಿದು ಕುಣಿಯಬೇಕು. ತಲೆ ತಿರುಗಿತು. ಊಟದ ಹೊತ್ತಿನಲ್ಲಿ ಶಂಕ್ರೆಪ್ಪನ ಹತ್ತಿರ ಹೋಗಿ, ನನಗೆ ಆಗುವುದಿಲ್ಲ, ಬೇರೆ ಯಾರನ್ನಾದರೂ ನೋಡು ಎಂದೆ. ಅವನು ರೊಟ್ಟಿ ಕೆಳಗಿಟ್ಟ.

"ಬ್ಯಾರೆ ಮಂದಿ ಎಲ್ಲಿ ಹುಡುಕ್ಲಿರಿ ಈಗ? ಹದಿನೈದ ಮಂದಿ ಕೋಲಾಟ ಆಗೂದಿಲ್ರಿ ಸಾಹೇಬ್ರ. ಒಬ್ಬಾಂವ ಕೋಲ ಎತ್ತಿರ್ತಾನ, ಎದುರಿಗೆ ಕೋಲ ಇರೂದಿಲ್ಲ. ಬರೇ ಗಾಳಿ ಹೊಡಿತಾನ. ನೋಡೋ ಮಂದಿ ನಗೂದು ಬಿಟ್ಟು ಹೋದಾವನ್ನ ನೋಡಿ ಅಲ್ರಿ. ನಿಂತಾವನ್ನ ನೋಡಿ ನಗ್ತಾರ."

ಇದನ್ನು ಕೇಳಿ ನನಗೆ ಊಟ ಸೇರಲಿಲ್ಲ. ಬಿಡುವ ಮಾತನ್ನು ಮತ್ತೆ ಎತ್ತಲಿಲ್ಲ.

(ಇಲ್ಲಿ ಎರಡು ಸಾಲು ಬರೆದು ಹೊಡೆದುಹಾಕಿದ್ದೇನೆ. ಸರಿಯಾಗಿ ಬರಲಿಲ್ಲ.)

ಈಗ ಬಲ ಎಂದರೆ ಬಲಗಡೆಗೇ ಹೋಗುತ್ತೇನೆ. ಮೂರು ವಾರದಿಂದ ಒಂದೂ ತಪ್ಪಿಲ್ಲ. ಅಂಗಳದ ಬೇಲಿಯಾಚೆ ಜನ ನಿಂತು ನೋಡುತ್ತಾರೆ. ನೋಡಲಿ ಎನಿಸುತ್ತದೆ.

ವಸಂತಕುಮಾರ


ಕಟಪಾಡಿ
೧೨-೧೦-೧೯೮೧

ಇವರಿಗೆ,

ಹೊಡೆದುಹಾಕಿದ ಎರಡು ಸಾಲನ್ನು ಬಿಸಿಲಿಗೆ ಹಿಡಿದು ನೋಡಿದೆ, ಕಾಗದ ಮಗುಚಿ ನೋಡಿದೆ, ದೀಪದ ಹಿಂದೆ ಹಿಡಿದು ನೋಡಿದೆ. ಟೈಮ್ ಆಫೀಸಿನವರ ಹೊಡೆತ, ಒಂದಕ್ಷರ ಬಿಡದ ಹಾಗೆ ಹೊಡೆದಿದ್ದೀರಿ. "ಹರಿವಾಣ" ಎಂಬುದೊಂದು ಕಂಡಿತು. ಕೊನೆಯಲ್ಲಿ "ನಾನು" ಎಂದು ಕಂಡಿತು. ನಡುವೆ ಏನಿತ್ತು ಎಂದು ನಾನು ಯಾರನ್ನು ಕೇಳಲಿ?

ಸರಿಯಾಗಿ ಬರಲಿಲ್ಲ ಎಂದು ಹೊಡೆದಿರಂತೆ. ಸರಿಯಾಗಿ ಬರಬೇಕೆಂದು ನಾನು ಹೇಳಿದ್ದೇನೆಯೇ? ತಪ್ಪಾಗಿಯೇ ಬರೆಯಿರಿ. ವ್ಯಾಕರಣ ತಿದ್ದಲು ಇಲ್ಲಿ ಕನ್ನಡ ಪಂಡಿತರು ಕೂತಿಲ್ಲ.

ಗಡಿಯಾರದ ಕೆಳಗೆ ಅಲ್ಲ. ಕುಡಿಯುವ ನೀರಿನ ನಲ್ಲಿಯ ಹತ್ತಿರ ನಿಂತಿದ್ದೆ.

ಕಚ್ಚೆ ಬಿಗಿಯಾಗಿ ಕಟ್ಟಿ. ಪಿನ್ನು ಕಪಾಟಿನ ಮೇಲಿನ ಡಬ್ಬಿಯಲ್ಲಿದೆ.

ನಳಿನಾಕ್ಷಿ


ಡೊಂಬಿವಲಿ ಪೂರ್ವ
೩-೧೧-೧೯೮೧

ನಳಿನಾಕ್ಷಿಗೆ,

ಭಾನುವಾರ ಕಾರ್ಯಕ್ರಮ ಚೆನ್ನಾಗಿ ನಡೆಯಿತು. ಮುನ್ನೂರು ಜನ ಇದ್ದರು. ಪಿನ್ನು ಸಿಕ್ಕಿತು. ಒಂದು ಕಡೆ ಹೆಜ್ಜೆ ತಪ್ಪಿತು. ಉಳಿದಂತೆ ಎಲ್ಲ ಸರಿ.

ಗೆಜ್ಜೆಯನ್ನು ಶಂಕ್ರೆಪ್ಪನಿಗೆ ವಾಪಸು ಕೊಟ್ಟಿದ್ದೇನೆ. ಮನೆ ಬಹಳ ನಿಶ್ಶಬ್ದವಾಗಿದೆ.

ವಸಂತಕುಮಾರ


ಕಟಪಾಡಿ
೧೨-೧೧-೧೯೮೧

ಇವರಿಗೆ,

ಒಂದು ಕಡೆ ಹೆಜ್ಜೆ ತಪ್ಪಿತು! ದೇವರೇ, ಈ ಮನುಷ್ಯನನ್ನು ಕಟ್ಟಿಕೊಂಡು ನಾನು ಏನು ಮಾಡಲಿ?

ನಿಮ್ಮ ನಾಲ್ಕು ಗೆರೆಯ ಕಾಗದ ಬಂದ ದಿನವೇ ಗುಲಾಬಿಯಕ್ಕನ ನಾಲ್ಕು ಪುಟದ ಕಾಗದವೂ ಬಂತು. ಹದಿನಾಲ್ಕು ವರ್ಷದಲ್ಲಿ ಅವರು ನನಗೆ ಬರೆದ ಮೊದಲ ಕಾಗದ. "ನಿನ್ನ ಗಂಡನಿಗೆ ತಲೆ ಸರಿ ಇದೆಯೋ ಇಲ್ಲವೋ" ಎಂದು ಶುರು. ಅವರು ಬರೆದದ್ದನ್ನು ನಿಮಗೇ ಬರೆದು ಕಳಿಸುತ್ತೇನೆ, ನೀವು ಅಲ್ಲಿ ಇರಲಿಲ್ಲವೋ ಏನೋ.

"ಎಲ್ಲರೂ ಒಂದು ಕಡೆ ತಿರುಗಿದರು, ನಿನ್ನ ಗಂಡ ಮಾತ್ರ ಸುತ್ತಿನಿಂದ ಹೊರಗೆ ಬಂದು ಸ್ಟೇಜಿನ ತುದಿಯಲ್ಲಿ, ಮೈಕಿನ ಎದುರು, ನನ್ನ ಮುಂದೆಯೇ ನಿಂತ. ಎರಡೂ ಕೈಯಲ್ಲಿ ಕೋಲು. ಜನ ನಗಲು ಶುರು ಮಾಡಿದರು. ಅವನು ತುಳುವಿನಲ್ಲಿ ಹೇಳಿದ: ಅತ್ತಿಗೆ, ಅಂದು ನೀವು ನಳಿನಿಯ ಕೈಯಿಂದ ಹರಿವಾಣ ತೆಗೆದದ್ದು ತಪ್ಪು. ನಾನು ಸುಮ್ಮನೆ ನಿಂತದ್ದು ಅದಕ್ಕಿಂತ ದೊಡ್ಡ ತಪ್ಪು. ಇಷ್ಟು ಹೇಳಿ, ಕೋಲು ಸೇರಿಸಿ ನಮಸ್ಕಾರ ಮಾಡಿ, ವಾಪಸು ಹೋಗಿ ಕುಣಿದ. ತುಳು ಗೊತ್ತಿಲ್ಲದವರೆಲ್ಲ ಅದು ಕೋಲಾಟದ ಪದವೆಂದು ತಿಳಿದು ಚಪ್ಪಾಳೆ ತಟ್ಟಿದರು. ತುಳು ಗೊತ್ತಿದ್ದವರು ನನ್ನ ಮುಖ ನೋಡಿದರು. ಹರಿವಾಣದ ವಿಷಯ ನನಗೆ ನೆನಪೇ ಇರಲಿಲ್ಲ."

ನೆನಪೇ ಇರಲಿಲ್ಲವಂತೆ. ನಾನು ಆರು ತಿಂಗಳು ಹೊತ್ತುಕೊಂಡದ್ದು ಅವರಿಗೆ ನೆನಪೇ ಇಲ್ಲ. ಆ ಸಾಲು ಓದಿ ಬಹಳ ನೋವಾಯಿತು. ಆಮೇಲೆ ನೀವು ಹೇಳಿದ ಆ ಎರಡು ಸಾಲು ಓದಿದೆ. ಮತ್ತೆ ಮತ್ತೆ ಓದಿದೆ. ಅಮ್ಮ ಕರೆದದ್ದು ಕೇಳಿಸಲಿಲ್ಲ. ಹಾಲು ಉಕ್ಕಿ ಹೋಯಿತು.

ಮುಕ್ತಾಳ ಕಾರ್ಡೂ ಬಂದಿದೆ. ಅದನ್ನೂ ಬೂಬನೇ ಓದಿದ, ಬಿಡಿ. ಅವಳು ಸಭೆಯಲ್ಲಿ ಮೂರನೇ ಸಾಲಿನಲ್ಲಿದ್ದಳಂತೆ. ನೀವು ಮುಂದೆ ಬರುವಾಗ ಶಂಕ್ರೆಪ್ಪ ಕೂಗಿದ್ದು ಬಲಕ್ಕ ಅಲ್ಲವಂತೆ, ಎಡಕ್ಕ ಎಂದಂತೆ. ಹಾಗಾದರೆ ನಿಮಗೆ ಬಾ ಎಂದು ಕೇಳಿಸಲಿಲ್ಲ. ನೀವಾಗಿಯೇ ಬಂದಿರಿ. ಇದನ್ನು ಹೆಜ್ಜೆ ತಪ್ಪಿತು ಎಂದು ಬರೆಯುತ್ತೀರಾ?

ಮುನ್ನೂರು ಜನರಿಗೆ ಮೈಕಿನಲ್ಲಿ ಹೇಳಿದಿರಿ. ನನಗೆ ಹೇಳಲಿಲ್ಲ. ನನ್ನ ಎರಡು ಮಾತಿನಲ್ಲಿ ಒಂದು ಗುಲಾಬಿಯಕ್ಕನ ಮೂಲಕ ಬಂತು. ಇನ್ನೊಂದನ್ನು ಯಾರ ಕೈಯಲ್ಲಿ ಕಳಿಸುತ್ತೀರಿ? ಶಂಕ್ರೆಪ್ಪನ ಕೈಯಲ್ಲೇ? ಮನೆ ನಿಶ್ಶಬ್ದವಾಗಿದೆ ಎಂದರೆ ಬಾ ಎಂದಲ್ಲ. ನಿಶ್ಶಬ್ದವಾಗಿದೆ ಎಂದಷ್ಟೇ. ನಾನೂ ಹಟದವಳು, ಬಿಡುವುದಿಲ್ಲ.

ನಳಿನಿ


ತಂತಿ
ಡೊಂಬಿವಲಿಯಿಂದ ಕಟಪಾಡಿಗೆ
೧೭-೧೧-೧೯೮೧

ಬಲ
ವಸಂತ


ಕಟಪಾಡಿ
೨೦-೧೧-೧೯೮೧

ವಸಂತರಿಗೆ,

ತಂತಿ ಬಂದರೆ ಊರಿನಲ್ಲಿ ಏನಾಗುತ್ತದೆ ಎಂದು ನಿಮಗೆ ಗೊತ್ತಿಲ್ಲವೇ? ಬೂಬ ಸೈಕಲ್ಲಿನ ಗಂಟೆ ಬಾರಿಸುತ್ತಾ ಗದ್ದೆಯ ಹುಣಿಯಲ್ಲೇ "ತಂತಿ, ತಂತಿ" ಎಂದು ಕೂಗಿಕೊಂಡು ಬಂದ. ಯಾರು ಸತ್ತರೆಂದು ಕೇಳುವ ಮೊದಲೇ ಅಮ್ಮ ಎದೆ ಬಡಿದುಕೊಳ್ಳಲು ಶುರು ಮಾಡಿದರು. ಪಕ್ಕದ ಮನೆಯವರು ಬಂದರು. ಆಚೆ ಮನೆಯ ಚನಿಯ ಕೆಸರುಗಾಲಿನಲ್ಲೇ ಗದ್ದೆಯಿಂದ ಓಡಿ ಬಂದ.

ತಂತಿಯಲ್ಲಿ ನಿಮ್ಮ ಹೆಸರಿನ ಮೇಲೆ ಇಂಗ್ಲಿಷ್ ಅಕ್ಷರ ನಾಲ್ಕು, BALA. ಬೂಬ ಅದನ್ನು ಎಳೆದು "ಬಾಲೆ" ಎಂದು ಓದಿದ. ಬಾಲೆ! ಡೊಂಬಿವಲಿಯಲ್ಲಿ ಮಗು! ಅಮ್ಮ ಅಳುವುದನ್ನು ಅರ್ಧಕ್ಕೆ ನಿಲ್ಲಿಸಿ, "ಏರೆಗ್ ಬಾಲೆ?" ಎಂದು ಕೇಳಿದರು. ಯಾರಿಗೆ ಮಗು? ಎಲ್ಲರೂ ನನ್ನ ಮುಖ ನೋಡಿದರು. ಗೆಜ್ಜೆಯ ಕಾರ್ಡು ಓದಿದವನು ಬೂಬನೇ ಅಲ್ಲವೇ, ಅವನ ಮುಖವನ್ನಂತೂ ನೋಡಲು ಆಗುತ್ತಿರಲಿಲ್ಲ. ಆ ಶಬ್ದ ನನಗೂ ಒಂದು ಕ್ಷಣ ಚುಚ್ಚಿತು. ಆಮೇಲೆ ಕಾಗದವನ್ನು ಅವನ ಕೈಯಿಂದ ಕಿತ್ತುಕೊಂಡೆ. ಮೊದಲ ನೋಟಕ್ಕೇ ಓದಲು ಬಂತು.

ಬಲ ಎಂದು ನಾನು ಗಟ್ಟಿಯಾಗಿ ಓದಿದೆ. ಅಮ್ಮ ಒಳಗೆ ಹೋಗಿ ಅಟ್ಟದಿಂದ ನನ್ನ ಪೆಟ್ಟಿಗೆ ಇಳಿಸಲು ಚನಿಯನಿಗೆ ಹೇಳಿದರು.

ಒಂದೇ ಶಬ್ದ ಕಳಿಸಿದ್ದೀರಿ. ತಂತಿಯಲ್ಲಿ ಎಂಟು ಶಬ್ದಕ್ಕೆ ಅವಕಾಶ ಇತ್ತು. ಉಳಿದದ್ದನ್ನು ಯಾವುದಕ್ಕೆ ಎತ್ತಿಟ್ಟಿರಿ? ಡೊಂಬಿವಲಿ ತಂತಿ ಆಫೀಸಿನವನು ಬಲ ಎಂದರೆ ಏನೆಂದು ಕೇಳಿರಬೇಕು. ನೀವು ಅವನಿಗೆ ಏನು ಹೇಳಿದಿರಿ? ಹೆಂಡತಿಯನ್ನು ಕರೆಯುತ್ತಿದ್ದೇನೆ ಎಂದು ಹೇಳಿದಿರಾ? ಕ್ಯೂವಿನಲ್ಲಿ ಜನ ಇದ್ದರೇ? ಇದೆಲ್ಲ ಬರೆಯಬೇಡಿ, ಬಂದ ಮೇಲೆ ಬಾಯಿಬಿಟ್ಟು ಹೇಳಿ. ನನಗೆ ನಿಮ್ಮ ಕಾಗದ ಸಾಕಾಗಿ ಹೋಗಿದೆ.

ಶನಿವಾರ ೨೮ನೇ ತಾರೀಕಿನ ಬೊಂಬಾಯಿ ಬಸ್ಸಿಗೆ ಹತ್ತುತ್ತೇನೆ. ಭಾನುವಾರ ಠಾಣೆಯಲ್ಲಿ ಇಳಿಯುತ್ತೇನೆ. ಅಲ್ಲಿಂದ ಮೊದಲು ಗುಲಾಬಿಯಕ್ಕನ ಮನೆಗೆ ಹೋಗುವ. ಉಪ್ಪಿನಕಾಯಿ ಭರಣಿ ತರುತ್ತಿದ್ದೇನೆ, ಅವರ ಕೈಗೆ ನಾನೇ ಕೊಡುತ್ತೇನೆ. ನೀವು ಪಕ್ಕದಲ್ಲಿ ನಿಲ್ಲಬೇಕು. ಆ ಕ್ಯಾಲೆಂಡರ್ ಅಲ್ಲೇ ಇದ್ದರೆ ಅದರ ಕಡೆ ನೋಡಕೂಡದು.

ಬಸ್ಸು ನಿಂತಾಗ ಕಂಬದ ಹಿಂದೆ ನಿಂತು ನಾನು ಹುಡುಕುವ ಹಾಗೆ ಮಾಡಬೇಡಿ. ಜನ ಎಷ್ಟಿದ್ದರೂ ಎದುರಿಗೆ ಬಂದು ಗಟ್ಟಿಯಾಗಿ ಕೂಗಿ. ಬಲ ಎಂದರೆ ಸಾಕು. ಅಕ್ಕ ಸೇರಿಸಬೇಡಿ.

ನಿಮ್ಮ
ನಳಿನಿ